'ಔಟ್‌ರೈಡರ್' ಏಕೆ ಸಪ್ಪೆ?

ಪ್ರಶ್ನೆ: ಲೆಡ್ ಜೆಪ್ಪೆಲಿನ್ ರಾಕ್ ತಂಡದ ಹಾಡುಗಳಲ್ಲಿ ಮೈನವಿರೇಳಿಸುವ ಗಿಟಾರ್ ವಾದಕ ಜಿಮ್ಮಿ ಪೇಜ್, ತಮ್ಮದೇ ಆಲ್ಬಂ 'ಔಟ್‌ರೈಡರ್'ನಲ್ಲಿ ಸಪ್ಪೆ ಎನಿಸುತ್ತಾರೆ. ಕೈ ಪಳಗಿದ್ದು ಬಿಟ್ಟುಹೋಗಿತ್ತೇ?

ಉತ್ತರ: ಕೈ ಚೆನ್ನಾಗಿಯೇ ಇತ್ತು. 1988ರ ಈ ಆಲ್ಬಂನ 9 ಟ್ರ್ಯಾಕ್‌ಗಳಲ್ಲಿ 3 ಬರೀ ವಾದ್ಯದವು. ಅವನ್ನು ಬಿಡದೆ ಕೇಳಿ. 'ಎಮರಾಲ್ಡ್ ಐಸ್'ನಲ್ಲಿ ಅಕೌಸ್ಟಿಕ್ ಗಿಟಾರ್ ಮೇಲೆ ಎಲೆಕ್ಟ್ರಿಕ್ ಗಿಟಾರ್ ಪದರ ಪದರವಾಗಿ ಕೂರುವ ಕ್ರಮ ಅಪ್ಪಟ ಪೇಜ್ ಶೈಲಿ.

ಎಡವಟ್ಟಾಗಿದ್ದು ಉಳಿದ ಆರರಲ್ಲಿ. ಎರಡನ್ನು ಜಾನ್ ಮೈಲ್ಸ್, ಮೂರನ್ನು ಕ್ರಿಸ್ ಫಾರ್ಲೋ, ಒಂದನ್ನು ಜೆಪ್ಪೆಲಿನ್ ಗಾಯಕ, ಹಳೆಯ ಜೊತೆಗಾರ ರಾಬರ್ಟ್ ಪ್ಲಾಂಟ್ ಹಾಡಿದ್ದಾರೆ. ಮೂವರೂ ಕಸುಬು ಬಲ್ಲವರೇ. ಆದರೆ ಪೇಜ್ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಕಟ್ಟುವುದೇ ಗಾಯಕನೊಂದಿಗೆ ಸವಾಲ್-ಜವಾಬ್ ನಡೆಸಲು. ದನಿ ಬದಲಾದಂತೆಲ್ಲ ಪರಿಚಯ ಮತ್ತೆ ಮೊದಲಿಂದ. 'ಪ್ರಿಸನ್ ಬ್ಲೂಸ್' ಏಳು ನಿಮಿಷ ಎಳೆಯುತ್ತದೆ. ಸೋಲೋ ಉದ್ದವಾಗುತ್ತಾ ಹೋದರೂ ಹಿಮ್ಮೇಳ ಇದ್ದಲ್ಲೇ ಇರುತ್ತದೆ. ಜೆಪ್ಪೆಲಿನ್ ತಂಡದ 1970ರ 'ಸಿನ್ಸ್ ಐವ್ ಬೀನ್ ಲವಿಂಗ್ ಯೂ' ಪಕ್ಕದಲ್ಲಿಟ್ಟು ಕೇಳಿ. ಅದೂ ನಿಧಾನದ ಬ್ಲೂಸೇ, ಆದರೆ ಜಾನ್ ಪಾಲ್ ಜೋನ್ಸ್‌ರ ಆರ್ಗನ್, ಜಾನ್ ಬಾನಂರ ಡ್ರಮ್ಸ್ ಗಿಟಾರನ್ನು ಕೆಣಕುತ್ತಲೇ ಇರುತ್ತವೆ. 'ಔಟ್‌ರೈಡರ್'ನ ಹೆಚ್ಚಿನ ಟ್ರ್ಯಾಕ್‌ಗಳಿಗೆ ಡ್ರಮ್ಸ್ ಬಾರಿಸಿದವರು ಬಾನಂರ ಮಗ ಜೇಸನ್. ಪೆಟ್ಟು ಗಟ್ಟಿ, ಕೆಣಕು ಕಡಿಮೆ.

ಎರಡು ಡಿಸ್ಕ್‌ಗಳ ಆಲ್ಬಂ ಆಗಬೇಕಿತ್ತು, ಪೇಜ್ ಮನೆಗೆ ಕಳ್ಳರು ನುಗ್ಗಿ ಡೆಮೊ (ಕರಡು ಧ್ವನಿಮುದ್ರಣ) ಟೇಪ್ ಒಯ್ದರು ಎಂಬ ಸಮಜಾಯಿಷಿ ಇದೆ. ನಿಜ, ಆದರೆ ಉಳಿದುಬಂದ ಹಾಡುಗಳ ಸಾಹಿತ್ಯ ಸಾಧಾರಣ ಎಂಬುದಕ್ಕೆ ಕಳ್ಳರು ಹೊಣೆಯಲ್ಲ.

ಪ್ರಶ್ನೆ: ಮನೆಯಲ್ಲೇ ರೆಕಾರ್ಡ್ ಮಾಡುವಾಗ ಗಿಟಾರ್‌ಗೆ ಪೇಜ್ ಅವರ ಆ ಆಳ ಬರುವುದು ಹೇಗೆ?

ಉತ್ತರ: ಮೈಕನ್ನು ದೂರವಿಡುವುದೇ ಅವರ ಹಳೆಯ ಪಾಠ. ಎರಡು ಮೈಕ್ ಬಳಸಿ. ಒಂದು ಸ್ಪೀಕರ್‌ನಿಂದ 3–5 ಸೆಂ.ಮೀ., ಕೋನಿನ ನಡುವಿನಿಂದ ತುಸು ಪಕ್ಕಕ್ಕೆ. ಇನ್ನೊಂದು ಸುಮಾರು 2 ಮೀಟರ್ ದೂರ. ಸದ್ದು ಮೀಟರಿಗೆ ಹತ್ತಿರ ಹತ್ತಿರ 3 ಮಿಲಿಸೆಕೆಂಡ್ ತಡವಾಗುವುದರಿಂದ, ಎರಡನ್ನೂ ಬೆರೆಸಿದಾಗ ಕೆಲವು ಸ್ವರಗಳು ಒಂದನ್ನೊಂದು ತಿಂದುಹಾಕಿ ದನಿ ತೆಳುವಾಗಬಹುದು. ಆಗ ಒಂದರ ಪೋಲಾರಿಟಿ (ಧ್ವನಿ ಅಲೆಯ ಏರಿಳಿತದ ದಿಕ್ಕು) ತಿರುಗಿಸಿ ನೋಡಿ. ಸರಿಹೋಗದಿದ್ದರೆ ದೂರದ ಮೈಕನ್ನು ಗೇಣುದ್ದ ಹಿಂದೆ ಮುಂದೆ ಸರಿಸಿ. ಟೈಲ್ಸ್ ಹಾಕಿದ ಸಣ್ಣ ಕೋಣೆಯಲ್ಲಿ ಇದು ಡಬ್ಬದ ಸದ್ದಾಗುತ್ತದೆ; ಹಜಾರ ವಾಸಿ. ಡಿಸ್ಟಾರ್ಷನ್ (ಗಿಟಾರ್‌ನ ಒರಟು ಗರಗರ ದನಿ) ಮನಸ್ಸಿಗೆ ಬೇಕೆನಿಸುವುದಕ್ಕಿಂತ ಕಡಿಮೆ ಇಡಿ. ಅದೇ ರಿಫ್ಫನ್ನು ಇನ್ನೊಮ್ಮೆ ನುಡಿಸಿ ಜೋಡಿಸಿದರೆ ದಪ್ಪ ತಾನಾಗಿ ಬರುತ್ತದೆ. ಕಾಪಿ-ಪೇಸ್ಟ್ ಮಾಡಿದರೆ ವಾಲ್ಯೂಮ್ ಮಾತ್ರ ಏರುತ್ತದೆ.