ಪ್ರತಿಕ್ರಿಯೆ: ಉರುಳುವ ಸಿಲಿಂಡರಿಗೆ ಜಿ/3 ಬದಲು ಜಿ/2 ಯಾಕೆ?

30° ಇಳಿಜಾರಿನಲ್ಲಿ ಜಾರದೆ ಉರುಳುವ ಗಟ್ಟಿ ಸಿಲಿಂಡರಿನ ವೇಗೋತ್ಕರ್ಷ ನಿಮಗೆ ಜಿ/2 (ಜಿ ಅಂದರೆ ಗುರುತ್ವ ವೇಗೋತ್ಕರ್ಷ) ಬರ್ತಿದೆ, ಪುಸ್ತಕದಲ್ಲಿ ಜಿ/3 ಇದೆ ಅಂದರೆ ಬಹುಶಃ ಘರ್ಷಣೆ ಬಿಟ್ಟುಹೋಗಿದೆ. ನಿಮ್ಮ ಹಾಳೆ ನೋಡಿಲ್ಲ. ಆದರೆ ಜಿ/2 ನುಣುಪು ಇಳಿಜಾರಿನಲ್ಲಿ ಜಾರುವ ಪೆಟ್ಟಿಗೆಯ ಉತ್ತರ.

ಮೊದಲು ಚಿತ್ರ ಬರೆದು, ಸಿಲಿಂಡರ್ ಇಳಿಜಾರನ್ನು ಮುಟ್ಟುವಲ್ಲಿ ಇಳಿಜಾರಿನ ಗುಂಟ ಮೇಲ್ಮುಖವಾಗಿ ಘರ್ಷಣೆ ಬಲದ ಎಫ್ ಬಾಣ ಹಾಕಿ. ಅದಕ್ಕೆ ಮ್ಯೂ×ಎನ್ (ಘರ್ಷಣಾಂಕ × ಇಳಿಜಾರಿನ ಲಂಬ ಬಲ) ಅಂತ ಬರೆಯಬೇಡಿ, ಅದು ಜಾರುವಾಗಿನ ಮಾತು. ನಾನೂ ಅಲ್ಲೇ ಎಡವಿದ್ದೆ. ಎಫ್ ಎಷ್ಟೆಂದು ಲೆಕ್ಕವೇ ಹೇಳುತ್ತದೆ.

ಆಮೇಲೆ ಎಂಜಿ ಸೈನ್ 30° − ಎಫ್ = ಎಂಎ (ಎಂ ದ್ರವ್ಯರಾಶಿ, ಎ ವೇಗೋತ್ಕರ್ಷ). ನಂತರ ಕೇಂದ್ರದ ಸುತ್ತ ಟಾರ್ಕ್ (ತಿರುಗಿಸುವ ಪರಿಣಾಮ): ಎಫ್×ಆರ್ = ½ ಎಂಆರ್² × ಆಲ್ಫಾ; ಇಲ್ಲಿ ಆರ್ ತ್ರಿಜ್ಯ, ½ ಎಂಆರ್² ಗಟ್ಟಿ ಸಿಲಿಂಡರಿನ ಜಡತ್ವ ಮಹತ್ವ, ಆಲ್ಫಾ ಕೋನೀಯ ವೇಗೋತ್ಕರ್ಷ. ಜಾರದ ಕಾರಣ ಎ = ಆರ್×ಆಲ್ಫಾ; ಹಾಗಾಗಿ ಎಫ್ = ಎಂಎ/2. ಮೊದಲನೆಯದರಲ್ಲಿ ಹಾಕಿದರೆ ಎ = ಜಿ/3, ಸುಮಾರು 3.27 ಮೀ/ಸೆ².

ನಿಮ್ಮ ಪುಣೆಯ ಮೇಷ್ಟ್ರು ಮರಾಠಿಯಲ್ಲಿ 'ಘರ್ಷಣ್' ಅಂದದ್ದು ನಮ್ಮ ಘರ್ಷಣೆಯೇ, ಗಾಬರಿ ಬೇಡ. ಟ್ಯುಟೋರಿಯಲ್‌ನಲ್ಲಿ 'ಬರ್ತಿಲ್ಲ ಸರ್' ಅನ್ನಬೇಡಿ; ಚಿತ್ರ ತೋರಿಸಿ, ಲೆಕ್ಕ ನಿಂತ ಸಾಲಿನ ಮೇಲೆ ಬೆರಳಿಟ್ಟು ಕೇಳಿ. ಇಂಥ ಲೆಕ್ಕಗಳಿರುವ ಪುಸ್ತಕಗಳು ಪುಣೆಯ ಅಪ್ಪಾ ಬಳವಂತ ಚೌಕದಲ್ಲಿ ಸಿಗುತ್ತವೆ.

ಈಗ ತೆಳು ಗೋಡೆಯ ಟೊಳ್ಳು ಕೊಳವೆಗೆ ಇದೇ ಲೆಕ್ಕ ಮಾಡಿ. ಜಿ/4 ಬರಬೇಕು.