ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೈಕೊಟ್ಟಿದೆ, ರಿಪೇರಿಯೋ ಮಾರಾಟವೋ? ಮೊದಲು ಆ ಟ್ರ್ಯಾಕ್ಟರ್ ಬೇಡ ಅನ್ನಿ

ನಿಮ್ಮ 2014ರ ಆಟೋಮ್ಯಾಟಿಕ್ ಕಾರು ಲಿಂಗಸುಗೂರು ರಸ್ತೆಯಲ್ಲಿ ನಿಂತಿದೆ. ನೋಡಲು ಬಂದ ಮೆಕ್ಯಾನಿಕ್ "ಗೇರ್‌ಬಾಕ್ಸ್ ಹೋಗಿದೆ, ಒಂದೂಕಾಲು ಲಕ್ಷ ಆಗುತ್ತೆ" ಅಂದಿದ್ದಾರೆ. ಕಾರಿನ ಬೆಲೆಯೇ ಮೂರು ಲಕ್ಷ, ರಿಪೇರಿ ಮಾಡಿಸಲಾ ಮಾರಲಾ ಅಂತ ಕೇಳಿದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ. ಕೊನೆಯ ಸಾಲಿನಲ್ಲಿ "ಭಾನುವಾರ ಮಾವನ ಟ್ರ್ಯಾಕ್ಟರ್‌ಗೆ ಕಟ್ಟಿ ರಾಯಚೂರಿಗೆ ಎಳೆಸಿಕೊಂಡು ಬರ್ತೀನಿ" ಅಂತ ಬರೆದಿದ್ದೀರಲ್ಲ, ಅದನ್ನು ಓದಿ ಸುಮ್ನೆ ಕೂರೋಕೆ ಆಗಲಿಲ್ಲ. ದಯವಿಟ್ಟು ಎಳೆಸಬೇಡಿ.

ನಾನು ಎಳೆಸಿದ್ದೆ.

ನಮ್ಮದು ಗಂಗಾವತಿ. ನನ್ನ ಎಡಗಾಲಿಗೆ ಚಿಕ್ಕಂದಿನಿಂದ ಬಲ ಇಲ್ಲ, ಕ್ಲಚ್ ತುಳಿಯೋಕೆ ಆಗಲ್ಲ. ಹಾಗಾಗಿ 2016ರಲ್ಲಿ ಬೆಂಗಳೂರಿನಿಂದ ಒಂದು 2012ರ ಆಟೋಮ್ಯಾಟಿಕ್ ಸೆಡಾನ್ ತಂದೆ. ಅಕ್ಕಿ ಗಿರಣಿಯ ಲೆಕ್ಕ ನೋಡುವ ಕೆಲಸ ನನ್ನದು. ಸಿಂಧನೂರು, ಕಾರಟಗಿ, ಮಾನ್ವಿ ಅಂತ ವಾರಕ್ಕೆ ಮೂರು ದಿನ ತಿರುಗಾಟ. ಆ ಕಾರು ಬಂದ ಮೇಲೆ "ನನ್ನನ್ನೂ ಸ್ವಲ್ಪ ಕರೆದುಕೊಂಡು ಹೋಗ್ರಿ" ಅಂತ ಯಾರನ್ನೂ ಕೇಳುವ ಪ್ರಸಂಗ ಬರಲಿಲ್ಲ.

2019ರ ಮೇ ತಿಂಗಳು. ನಮ್ಮ ಕಡೆ ಮೇ ಬಿಸಿಲು ನಿಮಗೆ ಹೇಳಬೇಕಾಗಿಲ್ಲ. ಬೆಳಿಗ್ಗೆ ಅಂಗಳ ಗುಡಿಸುವಾಗ ಅವ್ವ ಕರೆದಳು. "ಯಪ್ಪಾ, ಗಾಡಿ ಬುಡಕ ಕುಂಕುಮದ ನೀರು ಚೆಲ್ಲಿದಂಗ ಐತಿ ನೋಡು." ಬಂಡೆಯ ಮೇಲೆ ಅಂಗೈಯಷ್ಟು ಕೆಂಪು ಕಲೆ ಇತ್ತು. ಎಸಿ ನೀರು ಇರಬೇಕು ಅಂದುಕೊಂಡು ಹೊರಟೆ. ಎಸಿ ನೀರಿಗೆ ಬಣ್ಣ ಇರಲ್ಲ. ಅದು ಗೇರ್‌ಬಾಕ್ಸ್ ಆಯಿಲ್.

ನಾಲ್ಕು ದಿನ ಕಳೆಯಿತು. ಸಿಂಧನೂರಿನಿಂದ ವಾಪಸ್ ಬರುತ್ತಾ ಕಾರಟಗಿ ದಾಟಿದ್ದೆ. ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಕೂಗುತ್ತೆ, ಕಾರಿಗೆ ವೇಗ ಬರಲ್ಲ. ಸ್ವಲ್ಪ ದೂರಕ್ಕೆ ಪೂರ್ತಿ ನಿಂತಿತು. ಮುಂದಕ್ಕೆ ಓಡಿಸುವ 'ಡಿ' ಗೇರಿಗೆ ಹಾಕಿದರೂ ಅಷ್ಟೇ, ರಿವರ್ಸ್‌ಗೆ ಹಾಕಿದರೂ ಅಷ್ಟೇ. ಎರಡೂ ಕಡೆ ಭತ್ತ ಕೊಯ್ದ ಗದ್ದೆ, ನೆರಳಿಗೆ ಒಂದು ಗಿಡ ಇಲ್ಲ.

ಸೋದರಮಾವ ಹತ್ತಿರದ ಕ್ಯಾಂಪಿನಲ್ಲಿ ಗದ್ದೆ ಮಾಡಿಕೊಂಡಿದ್ದ. ಫೋನ್ ಮಾಡಿದ ಕಾಲು ತಾಸಿಗೆ ಟ್ರ್ಯಾಕ್ಟರ್ ತಗೊಂಡು ಬಂದ. "ಅಳಿಯಾ, ಹಗ್ಗ ಹಾಕಿದ್ರ ಮುಗೀತು, ತಾಸಿನಾಗ ಮನಿ ಮುಟ್ಟಿಸ್ತೀನಿ" ಅಂದ. ಪ್ರೀತಿಯಿಂದ ಬಂದವನಿಗೆ ಬೇಡ ಅನ್ನೋದು ಹೇಗೆ? ಗೇರ್ ನ್ಯೂಟ್ರಲ್‌ಗೆ ಹಾಕಿದೆ, ಸ್ಟೇರಿಂಗ್ ಹಿಡಿದು ಕೂತೆ. ಇಪ್ಪತ್ತು ಕಿಲೋಮೀಟರ್‌ಗೂ ಜಾಸ್ತಿ, ನಾಲ್ಕೂ ಚಕ್ರ ನೆಲದ ಮೇಲೆ.

ನಾನು ಹಾಳಾಗಿದ್ದು ಇಲ್ಲೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ನನಗೆ ಆಗ ಯಾರೂ ಹೇಳಲಿಲ್ಲ.

ನ್ಯೂಟ್ರಲ್ ಅಂದರೆ ಗೇರ್‌ಬಾಕ್ಸ್ ಪೂರ್ತಿ ಬಿಟ್ಟುಕೊಂಡಿದೆ ಅಂತ ನಾವೆಲ್ಲ ತಿಳಿದಿರುತ್ತೇವೆ. ಹಾಗಲ್ಲ. ಇಂಜಿನ್‌ನ ಬಲ ಚಕ್ರಕ್ಕೆ ಹೋಗಲ್ಲ, ಅಷ್ಟೇ. ಚಕ್ರಕ್ಕೂ ಗೇರ್‌ಬಾಕ್ಸ್‌ಗೂ ಇರುವ ಸಂಬಂಧ ಹಾಗೇ ಇರುತ್ತೆ. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಮುಂದಿನ ಚಕ್ರ ಉರುಳಿದರೆ ಒಳಗಿನ ಗೇರುಗಳೂ ತಿರುಗುತ್ತವೆ. ಮ್ಯಾನ್ಯುಯಲ್ ಕಾರಿನಲ್ಲಿ ಗೇರಿನ ಹಲ್ಲುಗಳು ಆಯಿಲ್‌ನಲ್ಲೇ ಅದ್ದಿರುತ್ತವೆ. ತಿರುಗುತ್ತಾ ತಾವೇ ಆಯಿಲ್ ಎರಚಿಕೊಳ್ಳುತ್ತವೆ. ಆಟೋಮ್ಯಾಟಿಕ್‌ನಲ್ಲಿ ಆಯಿಲ್ ಹಂಚಲು ಒಳಗೆ ಒಂದು ಪಂಪ್ ಇದೆ. ಆ ಪಂಪ್ ತಿರುಗಿಸೋದು ಇಂಜಿನ್. ಇಂಜಿನ್ ಬಂದ್ ಆದರೆ ಪಂಪ್ ಬಂದ್. ಅಂದರೆ ಗೇರುಗಳು ತಿರುಗುತ್ತಿವೆ, ಅವಕ್ಕೆ ಆಯಿಲ್ ಹೋಗುತ್ತಿಲ್ಲ. ನನ್ನ ಕಾರಿನಲ್ಲಂತೂ ಅರ್ಧಕ್ಕರ್ಧ ಆಯಿಲ್ ಮೊದಲೇ ಸೋರಿ ಹೋಗಿತ್ತು. ಒಂದೂವರೆ ತಾಸು ಒಣ ಲೋಹದ ಮೇಲೆ ಒಣ ಲೋಹ ಉಜ್ಜಿದೆ. ನನಗೆ ಒಳಗೆ ಏನೂ ಕೇಳಿಸಲಿಲ್ಲ. ಮುಂದೆ ಟ್ರ್ಯಾಕ್ಟರ್ ಸದ್ದು ಅಷ್ಟಿತ್ತು.

ಬಳ್ಳಾರಿಯಲ್ಲಿ ಆಟೋಮ್ಯಾಟಿಕ್ ಬಿಚ್ಚುವ ಒಬ್ಬರು ಹಿರಿಯರಿದ್ದಾರೆ, ಎಲ್ಲರೂ ಚಾಚಾ ಅಂತಾರೆ. ಕಾರು ಲಾರಿಯಲ್ಲಿ ಅಲ್ಲಿಗೆ ಹೋಯಿತು. ಅವರು ಆಯಿಲ್ ಪ್ಯಾನ್ ಬಿಚ್ಚಿ ನನ್ನನ್ನು ಹತ್ತಿರ ಕರೆದರು. ಪ್ಯಾನಿನ ತಳದಲ್ಲಿ ಒಂದು ಸಣ್ಣ ಅಯಸ್ಕಾಂತ ಇರುತ್ತೆ, ಸವೆದ ಲೋಹದ ಪುಡಿ ಹಿಡಿಯಲು. ಹಳೇ ಕಾರಿನಲ್ಲಿ ಅದರ ಮೇಲೆ ಬೂದಿ ಬಣ್ಣದ ನುಣ್ಣನೆ ಕೆಸರು ಇರೋದು ಸಹಜವಂತೆ. ನಮ್ಮದರ ಮೇಲೆ ಸೂಜಿಯಂಥ ಚೂರುಗಳು ನಿಂತಿದ್ದವು. ಬೆರಳಿಗೆ ಚುಚ್ಚಿದವು. ಉಳಿದ ಆಯಿಲ್ ಕಪ್ಪಗಿತ್ತು, ಸೀದ ವಾಸನೆ.

ಆಮೇಲೆ ಅವರು ಒಂದು ಗೇಣುದ್ದದ ರಬ್ಬರ್ ಪೈಪ್ ತೋರಿಸಿದರು. ಗೇರ್‌ಬಾಕ್ಸ್‌ನಿಂದ ರೇಡಿಯೇಟರ್ ಕಡೆ ಆಯಿಲ್ ತಣ್ಣಗಾಗಲು ಹೋಗುವ ಪೈಪು, ತುದಿಯಲ್ಲಿ ಸೀಳಿತ್ತು. "ಕೆಟ್ಟಿದ್ದು ಇದೊಂದೇ ಇತ್ತು ನೋಡ್ರಿ. ಪೈಪು, ಕ್ಲಿಪ್ಪು, ಆಯಿಲ್ ಸೇರಿ ಆರು ಸಾವಿರದ ಕೆಲಸ. ಎಳ್ಕೊಂಡು ಯಾಕ ಹೋದ್ರಿ?"

ಬಿಲ್ ಆಗಿದ್ದು 92 ಸಾವಿರ. ಇನ್ಶೂರೆನ್ಸ್‌ನಿಂದ ಒಂದು ರೂಪಾಯಿ ಬರಲಿಲ್ಲ, ಸಾಮಾನ್ಯ ಪಾಲಿಸಿಯಲ್ಲಿ ಹೀಗೆ ಒಳಗಿನ ಮೆಷಿನ್ ಕೆಟ್ಟರೆ ಕೊಡಲ್ಲ. ಆದರೆ ಅದೇ ಪಾಲಿಸಿಯಲ್ಲಿ ರೋಡ್‌ಸೈಡ್ ಅಸಿಸ್ಟೆನ್ಸ್‌ಗೆ ನಾನು ದುಡ್ಡು ಕಟ್ಟಿದ್ದೆ. ಕಾರನ್ನು ಪೂರ್ತಿ ಮೇಲೆ ಹೊತ್ತುಕೊಂಡು ಹೋಗುವ ಫ್ಲಾಟ್‌ಬೆಡ್ ಲಾರಿ ಒಂದು ಫೋನ್‌ಗೆ ಬರುತ್ತಿತ್ತು. ಆ ನಂಬರ್ ಇದ್ದ ಕಾಗದ ಡ್ಯಾಶ್‌ಬೋರ್ಡಿನಲ್ಲಿ, ನನ್ನ ಮೊಣಕಾಲ ಪಕ್ಕದಲ್ಲೇ ಇತ್ತು. ಎಳೆಯಬೇಡಿ ಅಂತ ಹೇಳುವ ಕಾರಿನ ಪುಸ್ತಕವೂ ಅದರ ಕೆಳಗೇ ಇತ್ತು.

ಮಾರಿಬಿಡು ಅಂತ ಎಲ್ಲರೂ ಹೇಳಿದರು. ನಿಂತ ಕಾರಿಗೆ ಒಬ್ಬರು ಅರವತ್ತು ಸಾವಿರ ಕೊಡುತ್ತೇನೆ ಅಂದರು. ನಾನು ಮಾಡಿಸಿದೆ. ಪಾರ್ಟ್ಸ್ ಬರಲು ಎರಡು ತಿಂಗಳ ಮೇಲಾಯಿತು. ಅಷ್ಟರಲ್ಲಿ ಮಳೆಗಾಲ ಬಂತು, ತುಂಗಭದ್ರಾ ಡ್ಯಾಂನಿಂದ ನೀರು ಬಿಟ್ಟು ದಾರಿಯ ಕಂಪ್ಲಿ ಸೇತುವೆ ಮುಳುಗಿತು, ಕಾರನ್ನು ಹೊಸಪೇಟೆ ಸುತ್ತಿಸಿ ತಂದೆ. ಇವತ್ತಿಗೂ ಅದೇ ಕಾರು. ರಿಪೇರಿ ಆದ ಮೇಲೆ ಅರವತ್ತು ಸಾವಿರ ಕಿಲೋಮೀಟರ್ ಓಡಿದೆ.

ಈಗ ನಿಮ್ಮ ಪ್ರಶ್ನೆ. ನಿಜ ಹೇಳಬೇಕಂದರೆ ಅದನ್ನು ಕೇಳುವ ಹೊತ್ತು ಇನ್ನೂ ಬಂದಿಲ್ಲ. ರಸ್ತೆ ಬದಿಯಲ್ಲಿ ನಿಂತು, ಪ್ಯಾನ್ ಬಿಚ್ಚದೆ, ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷ ಓದುವ ಸ್ಕ್ಯಾನರ್ ಹಾಕದೆ "ಗೇರ್‌ಬಾಕ್ಸ್ ಹೋಗಿದೆ" ಅಂದರೆ ಅದು ಊಹೆ. ಅದರೊಳಗೆ ಏನು ಹೋಗಿದೆ ಅಂತ ಕೇಳಿ, ಬರೆದು ಕೊಡಿ ಅನ್ನಿ. ನಿಮ್ಮದು ಎಎಂಟಿ ಆಗಿದ್ದರೆ ಒಳಗಿರೋದು ಮಾಮೂಲಿ ಮ್ಯಾನ್ಯುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತಿ ಗೇರ್ ಬದಲಿಸುವ ಕೆಲಸವನ್ನು ಆಕ್ಚುಯೇಟರ್ ಅನ್ನುವ ಒಂದು ಸಣ್ಣ ಯಂತ್ರ ಮಾಡುತ್ತೆ. ಕ್ಲಚ್ಚೋ ಆಕ್ಚುಯೇಟರೋ ಕೆಟ್ಟಿದ್ದರೂ ಕಾರು ಹೀಗೇ ನಿಲ್ಲುತ್ತೆ. ಸಿವಿಟಿ, ಅಂದರೆ ಗೇರುಗಳ ಬದಲು ಬೆಲ್ಟಿನ ಮೇಲೆ ಓಡುವ ಆಟೋಮ್ಯಾಟಿಕ್ ಆಗಿದ್ದರೆ ಅದರ ಆಯಿಲೇ ಬೇರೆ, ಮೆಕ್ಯಾನಿಕ್ ಕೈಗೆ ಸಿಕ್ಕಿದ್ದನ್ನು ಸುರಿಯಲು ಬಿಡಬೇಡಿ.

ಇನ್ನು ಮೂರು ಲಕ್ಷದ ಕಾರಿಗೆ ಒಂದೂಕಾಲು ಲಕ್ಷ ಅನ್ನುವ ಲೆಕ್ಕ. ನನಗೆ ಅದು ತಪ್ಪು ಲೆಕ್ಕ ಅನಿಸುತ್ತೆ. ಮೂರು ಲಕ್ಷ ಓಡುವ ಕಾರಿನ ಬೆಲೆ, ನಿಂತ ಕಾರಿಗೆ ಯಾರೂ ಅಷ್ಟು ಕೊಡಲ್ಲ. ಅದನ್ನು ಸಿಕ್ಕ ಬೆಲೆಗೆ ಕೊಟ್ಟು, ಮೇಲೆ ಸಾಲ ಮಾಡಿ, ಇನ್ಯಾರದೋ ಹಳೇ ಕಾರು ತಂದರೆ ಅದರ ಗೇರ್‌ಬಾಕ್ಸ್ ಹೇಗಿದೆ ಅಂತ ನಿಮಗೆ ಗೊತ್ತಾ? 2014ರ ಕಾರಿಗೆ ಆರ್‌ಸಿ 2029ರವರೆಗೆ ಇರುತ್ತೆ. ಇಂಜಿನ್ ಹೊಗೆ ಬಿಡುತ್ತಿಲ್ಲ, ಬಾಡಿ ತುಕ್ಕು ಹಿಡಿದಿಲ್ಲ ಅಂದರೆ ಮಾಡಿಸಿ. ಇಂಜಿನ್ನೂ ಸುಸ್ತಾಗಿದ್ದರೆ ಮಾತ್ರ ಮಾರಿ. ಗುಜರಿಯಿಂದ ಹಳೇ ಗೇರ್‌ಬಾಕ್ಸ್ ತಂದು ಕೂರಿಸುತ್ತೇನೆ ಅಂದರೆ ಒಪ್ಪಬೇಡಿ, ಅದನ್ನೂ ಯಾರೋ ಟ್ರ್ಯಾಕ್ಟರ್‌ಗೆ ಕಟ್ಟಿ ಎಳೆದಿರಬಹುದು. ಬಿಚ್ಚಿದ ಹಳೇ ಪಾರ್ಟ್ಸ್ ವಾಪಸ್ ಕೇಳಿ, ಆರು ತಿಂಗಳ ಗ್ಯಾರಂಟಿ ಬಿಲ್ಲಿನ ಮೇಲೆ ಬರೆಸಿ.

ಇವತ್ತು ಮಾಡುವ ಕೆಲಸ ಇಷ್ಟು. ಪಾಲಿಸಿ ಕಾಗದ ತೆಗೆದು ರೋಡ್‌ಸೈಡ್ ಅಸಿಸ್ಟೆನ್ಸ್ ಇದೆಯಾ ನೋಡಿ. ಇಲ್ಲದಿದ್ದರೆ ರಾಯಚೂರಿನಿಂದ ಬಾಡಿಗೆಗೆ ಫ್ಲಾಟ್‌ಬೆಡ್ ಕರೆಸಿ, ಎಷ್ಟು ಕೇಳಿದರೂ 92 ಸಾವಿರ ಕೇಳಲ್ಲ. ಮಾವನಿಗೆ ಈಗಲೇ ಫೋನ್ ಮಾಡಿ, ಭಾನುವಾರ ಬರೋದು ಬೇಡ ಅನ್ನಿ. ಕಾರಿನ ಕೆಳಗೆ ಒಂದು ರಟ್ಟು ಹಾಸಿಡಿ, ಏನು ಬೀಳುತ್ತೆ, ಯಾವ ಬಣ್ಣ ಇದೆ ಅಂತ ನೋಡಿ ಇಲ್ಲೇ ಬರೆಯಿರಿ. ರಾತ್ರಿ ಎಷ್ಟೊತ್ತಾದರೂ ನೋಡುತ್ತೇನೆ.