ಡಾಕ್ಟರೇ, ನನ್ನ ಕಡೆ ತಿರುಗಿ ಮಾತಾಡಿ

ಕಿವಿ ಕೇಳಿಸದವರು ಆಸ್ಪತ್ರೆಗೆ ಹೋದಾಗ ಪಡುವ ಪಾಡಿನ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ. ನನ್ನ ಅಪ್ಪ, ಅಮ್ಮ ಇಬ್ಬರಿಗೂ ಕಿವಿ ಕೇಳಿಸುತ್ತಿರಲಿಲ್ಲ. ಬಾಯಿಮಾತಿಗಿಂತ ಮೊದಲು ನಾನು ಕಲಿತದ್ದು ಸನ್ನೆ ಭಾಷೆ.

ಪ್ರಶ್ನೆ: ಅಕ್ಕಾ, ನನ್ನ ನಾದಿನಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಈಗ ಏಳು ತಿಂಗಳು, ಹೆರಿಗೆಗೆ ತವರಿಗೆ ಬಂದಿದ್ದಾಳೆ. ಚೆಕಪ್‌ಗೆ ಹೋದಾಗಲೆಲ್ಲ ಡಾಕ್ಟರ್ ನಮ್ಮ ಅತ್ತೆ ಹತ್ತಿರವೇ ಮಾತಾಡುತ್ತಾರೆ. ಇವಳಿಗೆ ಹೆಬ್ಬೆರಳು ತೋರಿಸಿ ಕಳಿಸುತ್ತಾರೆ. ಹೋದ ವಾರ ಬಿಪಿ ಜಾಸ್ತಿ ಇದೆ ಅಂದರಂತೆ. ಅದನ್ನು ಅವಳಿಗೆ ಯಾರೂ ಹೇಳಿಲ್ಲ. ಊಟಕ್ಕೆ ಉಪ್ಪು ಕಮ್ಮಿ ಹಾಕಿದರೆ ತಟ್ಟೆ ತಳ್ಳಿ ಎದ್ದು ಹೋಗುತ್ತಾಳೆ. ನಾನೇನು ಮಾಡಲಿ?
– ಸೊಸೆ, ತಿಪಟೂರು

ಉತ್ತರ: ಮೊದಲು ಇವತ್ತೇ ಮಾಡಬೇಕಾದ ಕೆಲಸ. ಬಿಪಿ ಜಾಸ್ತಿ ಇದೆ ಅಂತ ಅವಳಿಗೆ ಹೇಳಿ. ಜೋರು ತಲೆನೋವು ಬಂದರೆ, ಕಣ್ಣು ಮಂಜಾದರೆ, ಮುಖ, ಕೈ ಊದಿಕೊಂಡರೆ, ಹೊಟ್ಟೆಯ ಮೇಲ್ಭಾಗ ನೋವಾದರೆ ತಕ್ಷಣ ನಿಮಗೆ ತಿಳಿಸಬೇಕು ಅಂತ ಹೇಳಿ. ಕಣ್ಣು ಮಂಜಾಗೋದು ಅವಳಿಗೆ ಮಾತ್ರ ಗೊತ್ತಾಗುತ್ತದೆ, ಅತ್ತೆಗೆ ಗೊತ್ತಾಗುವುದಿಲ್ಲ, ಡಾಕ್ಟರಿಗೂ ಗೊತ್ತಾಗುವುದಿಲ್ಲ. ಯಾರ ಮೈಯಲ್ಲಿ ಅಪಾಯ ಇದೆಯೋ ಅವರಿಗೇ ಸುದ್ದಿ ಇಲ್ಲ ಅಂದರೆ ಹೇಗೆ?

ಅವಳು ತಟ್ಟೆ ತಳ್ಳುವುದರಲ್ಲಿ ತಪ್ಪಿಲ್ಲ. ಯಾಕೆ ಅಂತ ಯಾರೂ ಹೇಳದೆ ನಿಮ್ಮ ಊಟದ ಉಪ್ಪು ಕಿತ್ತುಕೊಂಡರೆ ನಿಮಗೂ ಸಿಟ್ಟು ಬರುತ್ತದೆ.

ಈಗ ಹಕ್ಕಿನ ಮಾತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 25ನೇ ಸೆಕ್ಷನ್ ಆರೋಗ್ಯದ ಬಗ್ಗೆಯೇ ಇದೆ. ಸರ್ಕಾರಿ ಆಸ್ಪತ್ರೆ ಇರಲಿ, ಖಾಸಗಿ ಇರಲಿ, ಎಲ್ಲಾ ಕಡೆ ಅಡೆತಡೆ ಇಲ್ಲದ ಪ್ರವೇಶ ಸಿಗಬೇಕು, ತಪಾಸಣೆಯಲ್ಲಿ ಆದ್ಯತೆ ಕೊಡಬೇಕು ಅನ್ನುತ್ತದೆ. ಅಡೆತಡೆ ಅಂದರೆ ಮೆಟ್ಟಿಲು ಮಾತ್ರ ಅಂತ ಎಷ್ಟೋ ಆಸ್ಪತ್ರೆಗಳು ತಿಳಿದಿವೆ. ಇಳಿಜಾರು ಹಾದಿ ಕಟ್ಟಿಸಿ, ಗಾಲಿಕುರ್ಚಿ ತಂದಿಟ್ಟರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಕಿವಿ ಕೇಳಿಸದವರು ಮೆಟ್ಟಿಲು ಹತ್ತಿ ಬರುತ್ತಾರೆ, ಅವರು ನಿಂತು ಹೋಗೋದು ಡಾಕ್ಟರ ಮೇಜಿನ ಮುಂದೆ. ಅದೇ ಕಾಯ್ದೆ ಸಂವಹನ ಅಂದರೆ ಏನು ಅಂತ ವಿವರಿಸುವಾಗ ಸನ್ನೆಗಳನ್ನೂ ಸೇರಿಸಿದೆ. ಭಾರತ 2007ರಲ್ಲಿ ಒಪ್ಪಿ ಸಹಿ ಹಾಕಿದ ವಿಶ್ವಸಂಸ್ಥೆಯ ಒಡಂಬಡಿಕೆಯೂ ಸನ್ನೆ ಭಾಷೆಯನ್ನು ಬಾಯಿಮಾತಿನ ಭಾಷೆಗಳ ಜೊತೆಗೇ ನಿಲ್ಲಿಸಿದೆ.

ಅತ್ತೆಯವರ ಮೇಲೆ ನನಗೆ ದೂರಿಲ್ಲ. ಆದರೆ ಮನೆಯವರು ದುಭಾಷಿ ಆಗಬಾರದು ಅನ್ನೋದಕ್ಕೆ ಒಂದು ಕಾರಣ ಇದೆ. ನನಗೆ ಹನ್ನೊಂದು ವರ್ಷ ಇದ್ದಾಗ ಅಮ್ಮನ ಜೊತೆ ಒಂದು ಆಸ್ಪತ್ರೆಗೆ ಹೋಗಿದ್ದೆ. ಡಾಕ್ಟರ್ ನನ್ನ ಕಡೆ ನೋಡಿ, "ಗರ್ಭಕೋಶ ತೆಗೀಬೇಕು ಅಂತ ನಿಮ್ಮಮ್ಮನಿಗೆ ಹೇಳು ಪುಟ್ಟಾ" ಅಂದರು. ಗರ್ಭಕೋಶ ಅಂದರೆ ಏನು ಅಂತಲೇ ನನಗೆ ಗೊತ್ತಿರಲಿಲ್ಲ. ಅದಕ್ಕೆ ಸನ್ನೆ ಎಲ್ಲಿಂದ ತರಲಿ? ಹೊಟ್ಟೆ ಮುಟ್ಟಿ, ಕೊಯ್ಯುವ ಹಾಗೆ ಕೈ ಆಡಿಸಿ, ಆಮೇಲೆ ನೋವು ಹೋಗುತ್ತದೆ ಅಂತ ತೋರಿಸಿದೆ. ಅಮ್ಮ ತಲೆಯಾಡಿಸಿ ಹೆಬ್ಬೆಟ್ಟು ಒತ್ತಿದಳು. ಹೊಟ್ಟೆಯೊಳಗಿನ ಗಡ್ಡೆ ತೆಗೆದರು ಅಂತಲೇ ಅವಳು ನಂಬಿದ್ದಳು. ಮುಟ್ಟು ಯಾಕೆ ನಿಂತಿತು ಅಂತ ತಿಂಗಳುಗಟ್ಟಲೆ ಕಾದು, ಕೊನೆಗೆ ಪಕ್ಕದ ಬೀದಿಯ, ಕಿವಿ ಕೇಳಿಸದ ಇನ್ನೊಬ್ಬ ಹೆಂಗಸಿನಿಂದ ತಿಳಿದುಕೊಂಡಳು. ಅವತ್ತು ಅಮ್ಮ ನನ್ನನ್ನು ಬೈಯಲಿಲ್ಲ. ನನ್ನ ಕೈಗಳನ್ನು ಹಿಡಿದುಕೊಂಡು ಸುಮ್ನೆ ಕೂತಿದ್ದಳು.

ಈಗಿನ ಕಾಯ್ದೆಯ 10ನೇ ಸೆಕ್ಷನ್ ಇಂಥದ್ದಕ್ಕೇ ಇದೆ. ಮಕ್ಕಳಾಗದಂತೆ ಮಾಡುವ ಯಾವ ಚಿಕಿತ್ಸೆಯನ್ನೂ ಆ ವ್ಯಕ್ತಿ ವಿಷಯ ತಿಳಿದು, ತಾನಾಗಿ ಒಪ್ಪದೆ ಮಾಡುವ ಹಾಗಿಲ್ಲ. ವಿಷಯ ಮುಟ್ಟಿಯೇ ಇಲ್ಲ ಅಂದಮೇಲೆ ಆ ಹೆಬ್ಬೆಟ್ಟಿಗೆ ಏನು ಬೆಲೆ?

ಹೊರದೇಶದ ಒಂದು ಕೇಸು ಹೇಳುತ್ತೇನೆ, ನಿಮ್ಮ ಮನೆಯದೇ ಕಥೆ ಅನ್ನಿಸುತ್ತದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಕಿವಿ ಕೇಳಿಸದ ಹೆಂಗಸೊಬ್ಬರಿಗೆ ಅವಳಿ ಮಕ್ಕಳ ಹೆರಿಗೆ ಆಯಿತು. ದುಭಾಷಿ ಇರಲಿಲ್ಲ. ಹುಟ್ಟಿದ ಕೂಡಲೇ ಮಕ್ಕಳನ್ನು ಎತ್ತಿಕೊಂಡು ಹೋದರು. ಚೆನ್ನಾಗಿದ್ದಾರೆ ಅಂತ ಒಂದು ಚೀಟಿ ಬರೆದು ತೋರಿಸಿದ್ದು ಬಿಟ್ಟರೆ ಆ ತಾಯಿಗೆ ಯಾರೂ ಏನನ್ನೂ ವಿವರಿಸಲಿಲ್ಲ. ಆ ದಂಪತಿ ಮತ್ತು ಕಿವಿ ಕೇಳಿಸದ ಇನ್ನೊಬ್ಬ ಮಹಿಳೆ ಕೋರ್ಟಿಗೆ ಹೋದರು. 1997ರಲ್ಲಿ ಕೆನಡಾದ ಸುಪ್ರೀಂ ಕೋರ್ಟು, ಚಿಕಿತ್ಸೆಗೆ ಅಗತ್ಯ ಇರುವಾಗ ಸನ್ನೆ ಭಾಷೆಯ ದುಭಾಷಿಯನ್ನು ಕೊಡದಿದ್ದರೆ ಅದು ತಾರತಮ್ಯ ಅಂತ ತೀರ್ಪು ಕೊಟ್ಟಿತು. ಸರ್ಕಾರಕ್ಕೆ ಖರ್ಚಾಗುತ್ತದೆ ಅನ್ನೋ ವಾದ ಅಲ್ಲಿ ನಿಲ್ಲಲಿಲ್ಲ.

ನೀವು ಮಾಡಬೇಕಾದ್ದು ಇಷ್ಟು. ಹೆರಿಗೆಗೆ ಇನ್ನೂ ಎರಡು ತಿಂಗಳು ಇದೆ. ಹೆರಿಗೆ ನೋವು ಶುರುವಾಗುವ ತನಕ ಕಾಯಬೇಡಿ. ನಾದಿನಿಯ ಹೆಸರಿನಲ್ಲೇ, ಅವಳ ಸಹಿಯೊಂದಿಗೆ ಆಸ್ಪತ್ರೆಯ ಮುಖ್ಯಸ್ಥರಿಗೆ ಈಗಲೇ ಒಂದು ಅರ್ಜಿ ಕೊಡಿ: ನನಗೆ ಕಿವಿ ಕೇಳಿಸುವುದಿಲ್ಲ, ಚೆಕಪ್ಪಿಗೂ ಹೆರಿಗೆಗೂ ಸನ್ನೆ ಭಾಷೆ ಬಲ್ಲವರು ಬೇಕು ಅಂತ. ಜೊತೆಗೆ ಯುಡಿಐಡಿ ಕಾರ್ಡಿನ, ಅಂದರೆ ವಿಕಲಚೇತನರ ಗುರುತಿನ ಚೀಟಿಯ, ನಕಲು ಇಡಿ. ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಬರಬೇಡಿ. ದುಭಾಷಿ ಯಾರು ಸಿಗುತ್ತಾರೆ ಅಂತ ಅವಳು ಓದಿದ ಕಿವುಡ ಮಕ್ಕಳ ಶಾಲೆಯಲ್ಲಿ ಕೇಳಿ, ಅವಳ ಗೆಳತಿಯರನ್ನು ಕೇಳಿ. ಅವರಿಗೆ ಗೊತ್ತಿರುತ್ತದೆ. ಖುದ್ದಾಗಿ ಬರಲಾಗದಿದ್ದರೆ ವಿಡಿಯೋ ಕಾಲ್‌ನಲ್ಲಾದರೂ ಇರಲಿ. ನಿಮ್ಮ ಗ್ರಾಮ ಪಂಚಾಯ್ತಿ ವ್ಯಾಪ್ತಿಯ ವಿಕಲಚೇತನರಿಗೆ ನೆರವಾಗುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನೂ ಜೊತೆಗೆ ಕರೆದುಕೊಳ್ಳಿ. ಆಸ್ಪತ್ರೆ ಕಿವಿಗೆ ಹಾಕಿಕೊಳ್ಳದಿದ್ದರೆ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಬರೆಯಿರಿ. ಆ ಸೀಲು ಬಿದ್ದ ಅರ್ಜಿ ಆಗ ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ನನ್ನ ಮಗನಿಗೆ ಎರಡು ವರ್ಷ. ಕಿವಿ ಕೇಳಿಸುವುದಿಲ್ಲ ಅಂತ ಈಗ ಗೊತ್ತಾಗಿದೆ. ಸನ್ನೆ ಕಲಿಸಿದರೆ ಮಾತು ಬರುವುದೇ ಇಲ್ಲ, ಮೂಗನಾಗಿಬಿಡುತ್ತಾನೆ ಅಂತ ಎಲ್ಲರೂ ಹೆದರಿಸುತ್ತಿದ್ದಾರೆ. ನಿಜವೇ?
– ಒಬ್ಬ ತಂದೆ, ರಾಯಚೂರು

ಉತ್ತರ: ನಿಜ ಅಲ್ಲ. ಈ ಹೆದರಿಕೆಗೆ ನೂರು ವರ್ಷಕ್ಕಿಂತ ಹಳೆಯ ಇತಿಹಾಸ ಇದೆ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡರ ಶಿಕ್ಷಣದ ಬಗ್ಗೆ ಸೇರಿದ ಸಮ್ಮೇಳನ, ಶಾಲೆಗಳಲ್ಲಿ ಸನ್ನೆ ಬೇಡ, ಬಾಯಿಮಾತೇ ಇರಲಿ ಅಂತ ನಿರ್ಣಯ ಮಾಡಿತು. ಜಗತ್ತಿನ ಎಷ್ಟೋ ಶಾಲೆಗಳು ಅದನ್ನು ಹಿಡಿದುಕೊಂಡವು. ಕೈ ಆಡಿಸಿದ ಮಕ್ಕಳಿಗೆ ಏಟು ಬಿದ್ದಿದೆ. ನನ್ನ ಅಪ್ಪನೂ ಏಟು ತಿಂದವರೇ. 2010ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ನಡೆದ ಅದೇ ಸರಣಿಯ ಸಮ್ಮೇಳನ ಆ ನಿರ್ಣಯಗಳನ್ನು ತಳ್ಳಿಹಾಕಿ ವಿಷಾದ ಹೇಳಿತು. ಆ ಮಾತು ಇನ್ನೂ ನಮ್ಮ ಮನೆಗಳಿಗೆ ತಲುಪಿಲ್ಲ, ಅಷ್ಟೇ.

ಮಗುವಿನ ಮೊದಲ ಕೆಲವು ವರ್ಷ ಭಾಷೆ ಬೇರೂರುವ ಕಾಲ. ಅದು ಕಿವಿಯಿಂದ ಬರಲಿ, ಕಣ್ಣಿನಿಂದ ಬರಲಿ, ಮಿದುಳಿಗೆ ಭಾಷೆ ಸಿಗಬೇಕು. ಎರಡನ್ನೂ ಒಟ್ಟಿಗೆ ಶುರು ಮಾಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಆಯಿಷ್ ಅಂತಾರೆ. 1965ರಲ್ಲಿ ಶುರುವಾದದ್ದು. ಅಲ್ಲಿ ತೋರಿಸಿ. ಹಿಯರಿಂಗ್ ಏಡ್ ಸಾಕೋ, ಆಪರೇಷನ್ ಮಾಡಿ ಕಿವಿಯೊಳಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಬೇಕೋ ಅಂತ ಪರೀಕ್ಷೆ ಮಾಡಿ ಹೇಳುತ್ತಾರೆ. ಇಂಪ್ಲಾಂಟ್ ಮಾಡಿಸುವುದಾದರೆ ತಡ ಮಾಡಬೇಡಿ, ಚಿಕ್ಕ ವಯಸ್ಸಿನಲ್ಲೇ ಆದರೆ ಒಳ್ಳೆಯದು. ಆದರೆ ಆಪರೇಷನ್ ಆದ ದಿನವೇ ಮಗು ಮಾತಾಡುವುದಿಲ್ಲ, ಅದಕ್ಕೆ ವರ್ಷಗಟ್ಟಲೆ ತರಬೇತಿ ಬೇಕು. ಬ್ಯಾಟರಿ ಮುಗಿದಾಗ, ಸ್ನಾನ ಮಾಡುವಾಗ, ರಾತ್ರಿ ಜ್ವರ ಬಂದು ಮೆಷಿನ್ ತೆಗೆದಿಟ್ಟಾಗ ಅವನು ಎಲ್ಲಿ ನೋವು ಅಂತ ಹೇಗೆ ಹೇಳುತ್ತಾನೆ? ಆಗ ಕೈ ಬೇಕು.

ದೆಹಲಿಯಲ್ಲಿ ಭಾರತೀಯ ಸನ್ನೆ ಭಾಷೆಗೆಂದೇ 2015ರಲ್ಲಿ ಕೇಂದ್ರ ಸರ್ಕಾರ ಒಂದು ಸಂಸ್ಥೆ ಮಾಡಿದೆ. ಅದರ ನಿಘಂಟಿನಲ್ಲಿ 2021ರ ಹೊತ್ತಿಗೇ 10,000 ಪದಗಳಾಗಿದ್ದವು, ವಿಡಿಯೋಗಳು ಯೂಟ್ಯೂಬ್‌ನಲ್ಲಿ ಪುಕ್ಕಟೆ ಸಿಗುತ್ತವೆ. ನೀವು, ಮನೆಯವರು, ಅಜ್ಜಿ, ತಾತ ಎಲ್ಲರೂ ದಿನಕ್ಕೆ ಐದು ಪದ ಕಲಿಯಿರಿ. ಹಾಲು, ನೀರು, ನೋವು, ಬೇಡ, ಅಮ್ಮ. ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ: ಮೂಗ ಅನ್ನೋ ಪದವನ್ನು ಮನೆಯಲ್ಲಿ ಬಳಸಬೇಡಿ. ಅವನಿಗೆ ಭಾಷೆ ಇರುತ್ತದೆ, ನಾವು ಕಲಿತರೆ.

ಪ್ರಶ್ನೆ: ಸನ್ನೆ ಭಾಷೆಗೆ ನಮ್ಮ ದೇಶದಲ್ಲಿ ಅಧಿಕೃತ ಸ್ಥಾನ ಇದೆಯೇ?
– ಕಾನೂನು ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿರುವ 22 ಭಾಷೆಗಳಲ್ಲಿ ಅದು ಇಲ್ಲ. ಇರಬೇಕು ಅನ್ನೋದು ಕಿವುಡ ಸಮುದಾಯದ ಹಳೆಯ ಬೇಡಿಕೆ, ನನ್ನದೂ ಅದೇ. 2011ರ ಜನಗಣತಿ ಪ್ರಕಾರ ಶ್ರವಣದೋಷ ಇರುವವರು ದೇಶದಲ್ಲಿ 50 ಲಕ್ಷಕ್ಕೂ ಹೆಚ್ಚು. ನ್ಯೂಜಿಲೆಂಡ್ 2006ರಲ್ಲೇ ತನ್ನ ಸನ್ನೆ ಭಾಷೆಯನ್ನು ಅಧಿಕೃತ ಭಾಷೆ ಮಾಡಿಕೊಂಡಿತು. ನಿಮಗೆ ಖುಷಿ ಕೊಡುವ ಸುದ್ದಿಯೂ ಇದೆ. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ವಕೀಲೆ ಸಾರಾ ಸನ್ನಿ, ಕಿವಿ ಕೇಳಿಸದವರು, ದುಭಾಷಿಯ ನೆರವಿನಿಂದ ಸುಪ್ರೀಂ ಕೋರ್ಟಿನಲ್ಲಿ ಹಾಜರಾದರು. ನಮ್ಮ ಅತಿ ದೊಡ್ಡ ಕೋರ್ಟಿನಲ್ಲಿ ಆಗುವುದಾದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಯಾಕಾಗಬಾರದು?

ಪ್ರಶ್ನೆ: ನನಗೂ ಹೆಂಡತಿಗೂ ಕಿವಿ ಕೇಳಿಸದು. ರಾತ್ರಿ ಎದೆನೋವು ಬಂದರೆ 108ಕ್ಕೆ ಫೋನ್ ಮಾಡುವುದು ಹೇಗೆ?
– ಟೈಲರ್, ಬೆಂಗಳೂರು

ಉತ್ತರ: ಸರ್, ಈ ಒಂದು ಸಾಲು ಓದಿ ನನಗೆ ನಿದ್ದೆ ಬರಲಿಲ್ಲ. ಜೀವ ಉಳಿಸುವ ನಂಬರಿಗೆ ಬಾಯಿಂದಲೇ ಮಾತಾಡಬೇಕು ಅನ್ನೋ ಏರ್ಪಾಡು ಅನ್ಯಾಯ. ಮೆಸೇಜ್ ಮತ್ತು ವಿಡಿಯೋ ಕಾಲ್ ಎರಡಕ್ಕೂ ಸ್ಪಂದಿಸುವ ಆಂಬುಲೆನ್ಸ್ ಸೇವೆ ಸರ್ಕಾರ ಕೊಡಲೇಬೇಕು. ಅಲ್ಲಿಯತನಕ '112 ಇಂಡಿಯಾ' ಆ್ಯಪ್ ಹಾಕಿಕೊಳ್ಳಿ, ಅದರಲ್ಲಿ ತುರ್ತು ಸಹಾಯಕ್ಕೆ ಒತ್ತುವ ಗುಂಡಿ ಇದೆ. ನಿಮ್ಮ ವಿವರ ಮತ್ತು ಹತ್ತಿರದವರ ನಂಬರು ಮೊದಲೇ ತುಂಬಿಡಿ. ವಿಳಾಸ, ಮನೆ ಗುರುತು, 'ನಮಗೆ ಕಿವಿ ಕೇಳಿಸದು, ಆಂಬುಲೆನ್ಸ್ ಕರೆಯಿರಿ' ಅನ್ನೋ ಒಂದು ಮೆಸೇಜ್ ರೆಡಿ ಮಾಡಿ ಫೋನಿನಲ್ಲಿ ಇಟ್ಟುಕೊಳ್ಳಿ. ಪಕ್ಕದ ಮನೆಯ ಇಬ್ಬರಿಗೆ ಈ ವಿಷಯ ಹಗಲು ಹೊತ್ತಿನಲ್ಲೇ ತಿಳಿಸಿ, ರಾತ್ರಿ ಬಾಗಿಲು ಬಡಿದರೆ ಎದ್ದು ಬರುವ ಹಾಗೆ.

ಪ್ರಶ್ನೆ: ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸ್. ಕಿವಿ ಕೇಳಿಸದ ರೋಗಿಗಳು ಬರುತ್ತಾರೆ. ದುಭಾಷಿ ಇಲ್ಲ. ನಾನು ಚೀಟಿಯಲ್ಲಿ ಬರೆದು ತೋರಿಸುತ್ತೇನೆ, ಕೆಲವರಿಗೆ ಅದೂ ಅರ್ಥವಾಗುವುದಿಲ್ಲ. ಏನು ಮಾಡಬಹುದು?
– ಶುಶ್ರೂಷಕಿ, ಶಿರಸಿ

ಉತ್ತರ: ಸಿಸ್ಟರ್, ಕೇಳಿದ್ದಕ್ಕೇ ನಿಮಗೆ ದೊಡ್ಡ ನಮಸ್ಕಾರ.

ಚೀಟಿ ಯಾಕೆ ಅರ್ಥವಾಗುವುದಿಲ್ಲ ಅಂದರೆ, ಹುಟ್ಟಿನಿಂದ ಕೇಳಿಸದವರಿಗೆ ಬರೆದ ಕನ್ನಡ ಎರಡನೇ ಭಾಷೆ. ಸನ್ನೆ ಭಾಷೆಗೆ ಅದರದ್ದೇ ವ್ಯಾಕರಣ ಇದೆ. 'ನೀನು ಎಲ್ಲಿಗೆ ಹೋಗುತ್ತೀಯ' ಅನ್ನೋದು ಅಲ್ಲಿ 'ನೀನು, ಹೋಗು, ಎಲ್ಲಿ' ಅಂತ ಆಗುತ್ತದೆ, ಪ್ರಶ್ನೆ ಕೊನೆಗೆ. ವಿಭಕ್ತಿ ಪ್ರತ್ಯಯ ಇಲ್ಲ. ಹಾಗಾಗಿ 'ಊಟಕ್ಕೆ ಮುಂಚೆ' 'ಊಟದ ಮೇಲೆ' ಅಂತ ಬರೆಯುವ ಬದಲು ತಟ್ಟೆಯ ಚಿತ್ರ, ಮಾತ್ರೆಯ ಚಿತ್ರ, ಸೂರ್ಯ, ಚಂದ್ರ ಬರೆದು ತೋರಿಸಿ. ಅರ್ಥವಾಯಿತಾ ಅಂತ ಕೇಳಬೇಡಿ, ಎಲ್ಲರೂ ತಲೆಯಾಡಿಸುತ್ತಾರೆ. ಯಾವಾಗ ತಗೋತೀರಿ ಅಂತ ಅವರಿಂದಲೇ ತೋರಿಸಿಕೊಳ್ಳಿ.

ತುಟಿ ನೋಡಿ ತಿಳಿದುಕೊಳ್ಳುತ್ತಾರೆ ಅಂತ ನಂಬಬೇಡಿ. ಕನ್ನಡಿ ಮುಂದೆ ನಿಂತು ದನಿ ಇಲ್ಲದೆ 'ಮಾತ್ರೆ' ಅನ್ನಿ, ಆಮೇಲೆ 'ಪಾತ್ರೆ' ಅನ್ನಿ. ಎರಡೂ ಒಂದೇ ಥರ ಕಾಣುತ್ತವೆ. ಮಾಸ್ಕ್ ಹಾಕಿದ್ದರಂತೂ ಅದೂ ಇಲ್ಲ.

ಓಪಿಡಿಯಲ್ಲಿ ಹೆಸರು ಕೂಗಿದರೆ ಅವರಿಗೆ ಗೊತ್ತಾಗುವುದಿಲ್ಲ. ಅಪ್ಪ ಒಂದು ಆಸ್ಪತ್ರೆಯಲ್ಲಿ ಬೆಳಿಗ್ಗೆ ಒಂಬತ್ತರಿಂದ ಎರಡರವರೆಗೆ ಕೂತು, ತನಗಿಂತ ಆಮೇಲೆ ಬಂದವರೆಲ್ಲ ಹೋದರೂ ಎದ್ದು ಕೇಳಲಾಗದೆ ಮನೆಗೆ ಬಂದಿದ್ದರು. ಹೋಗಿ ಮೆಲ್ಲಗೆ ಭುಜ ಮುಟ್ಟಿ. ಎಕ್ಸ್‌ರೇ ರೂಮಿನ ಒಳಗೆ ಬಿಟ್ಟು 'ಉಸಿರು ಹಿಡಿ' ಅಂತ ಹೊರಗಿಂದ ಕೂಗುವ ಮೊದಲೇ ಎದುರು ನಿಂತು ಮಾಡಿ ತೋರಿಸಿ. ಎಂಆರ್‌ಐಗೆ ಕಳಿಸುವುದಾದರೆ ಕಾಕ್ಲಿಯರ್ ಇಂಪ್ಲಾಂಟ್ ಇದೆಯಾ ಅಂತ ನೋಡಿ, ಇಂಪ್ಲಾಂಟ್ ಒಳಗೆ ಅಯಸ್ಕಾಂತ ಇರುತ್ತದೆ, ಎಂಆರ್‌ಐ ಮೆಷಿನ್ ಅದನ್ನು ಎಳೆಯುತ್ತದೆ. ಕೇಸ್ ಶೀಟಿನ ಮೇಲೆ ದೊಡ್ಡದಾಗಿ 'ಕಿವಿ ಕೇಳಿಸದು, ಸನ್ನೆ ಭಾಷೆ' ಅಂತ ಬರೆದಿಡಿ, ನೈಟ್ ಡ್ಯೂಟಿಗೆ ಬಂದವರಿಗೂ ತಿಳಿಯಲಿ. ವಯಸ್ಸಾದ ಮೇಲೆ ಕಿವಿ ಮಂದವಾದವರಿಗೆ ಇದೆಲ್ಲ ಬೇಡ, ಅವರಿಗೆ ಕನ್ನಡ ಓದಲು ಬರುತ್ತಿದ್ದರೆ ದೊಡ್ಡ ಅಕ್ಷರದ ಚೀಟಿಯೇ ಸಾಕು.

ಇನ್ನೊಂದು. ಅಮ್ಮನ ಆ ಆಪರೇಷನ್ ಆದಾಗ ಬಲಗೈಗೆ ಡ್ರಿಪ್ ಹಾಕಿ, ಅಲುಗಾಡಿಸಬಾರದು ಅಂತ ಹಲಗೆ ಇಟ್ಟು ಬ್ಯಾಂಡೇಜ್ ಸುತ್ತಿದ್ದರು. ಅಮ್ಮ ಮಾತಾಡುತ್ತಿದ್ದದ್ದೇ ಆ ಕೈಯಿಂದ. ಎರಡು ದಿನ ಅವಳು ನೀರು ಕೇಳುವುದಕ್ಕೂ ಎಡಗೈಯಲ್ಲಿ ತಡವರಿಸಿದಳು. ಸೂಜಿ ಚುಚ್ಚುವ ಮೊದಲು ಅವರ ಎರಡೂ ಕೈ ಮುಂದೆ ಚಾಚಿಸಿ, ಯಾವುದು ಅಂತ ಕೇಳಿ. ಅವರು ಬಿಟ್ಟುಕೊಟ್ಟ ಕೈಗೆ ಹಾಕಿ.